ನಾನೂರ ಹನ್ನೆರಡು ಬ್ಲೇಡುಗಳ ನಾದ

ಫೆಬ್ರವರಿ 6

ಕಿಡಿ,

ಆಕಾಶದಲ್ಲಿ ಹಾರುವ ಯಾವ ವಿಮಾನವೂ ಇವತ್ತಿನಿಂದ ನಿನ್ನ ಮಾವನ ಅಪ್ಪಣೆ ಇಲ್ಲದೆ ಹಾರುವ ಹಾಗಿಲ್ಲ. ಇದನ್ನು ನಾನು ಹೇಳುತ್ತಿಲ್ಲ; ಚಹಾದಂಗಡಿಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ಅವರಿಗೆ ಹೇಳಿದವನು ನಾನು, ಅದು ಬೇರೆ ವಿಷಯ.

ಮೂರು ಮೂಟೆಗಳು ನಿನ್ನೆ ಲಾರಿ ಹತ್ತಿದವು. ವಿಮಾನದ ಎಂಜಿನ್ನಿನೊಳಗೆ ತಿರುಗುವ ನಾನೂರ ಹನ್ನೆರಡು ಬ್ಲೇಡುಗಳು, ಅರವತ್ತು ಕೆಜಿಗೆ ಸ್ವಲ್ಪ ಮೇಲೆ. ನಿಮ್ಮ ಎರಕದ ಕಾರ್ಖಾನೆಯಂಥ ದೊಡ್ಡ ಜಾಗಕ್ಕೆ ನನ್ನ ಶೆಡ್ಡಿನ ಗುಜರಿ ಹೋಗುವುದು ಇದೇ ಮೊದಲು. ಪರೀಕ್ಷೆ ಕೋಣೆಯಲ್ಲಿ ಕೂತು ನೀನು ಒಂದು ಮಾತು ಹೇಳದಿದ್ದರೆ ನಿಮ್ಮ ಖರೀದಿಯವರು ನನ್ನನ್ನು ಗೇಟಿನ ಒಳಗೂ ಬಿಡುತ್ತಿರಲಿಲ್ಲ. ಒಪ್ಪಿಕೊಳ್ಳುತ್ತೇನೆ. ಚಹಾದಂಗಡಿಯಲ್ಲಿ ಮಾತ್ರ ಒಪ್ಪಿಕೊಳ್ಳುವುದಿಲ್ಲ.

ಇದು ಕಣ್ಣು ಮುಚ್ಚಿ ತುಂಬಿದ ಮೂಟೆ ಅಲ್ಲ ಎಂದು ನಿಮ್ಮವರಿಗೆ ಹೇಳು. ಒಂದೊಂದು ಬ್ಲೇಡಿಗೂ ಮೂರು ಪರೀಕ್ಷೆ. ಮೊದಲು ಅಯಸ್ಕಾಂತ: ಅಂಟಿಕೊಂಡರೆ ಅದು ನಮ್ಮ ಮನೆಯದಲ್ಲ. ಆಮೇಲೆ ಸಾಣೆ ಚಕ್ರ: ಬರೀ ಉಕ್ಕಾದರೆ ಹಳದಿ ಕಿಡಿ ಮಾರುದ್ದ ಹಾರಿ ಹೂವಿನ ಹಾಗೆ ಒಡೆಯುತ್ತದೆ. ಎಂಜಿನ್ನಿನ ಲೋಹದ್ದು ಗಿಡ್ಡ, ಮಂಕು, ಕೆಂಪು ಕಿಡಿ. ಹೊಸ ಅಳಿಯನ ಹಾಗೆ ಚಕ್ರದ ಪಕ್ಕ ಬಿಟ್ಟು ಕದಲುವುದಿಲ್ಲ. ಬೆಂಕಿಗೆ ಬಗ್ಗದ ಲೋಹಕ್ಕೆ ಅಷ್ಟು ಜಂಬ ಇರಬೇಕಾದದ್ದೇ.

ಮೂರನೆಯದು ನಾದ. ಈ ಬ್ಲೇಡುಗಳು ಬಂದದ್ದು ಅವುಗಳ ಬುಡ ಮಸೆಯುವ ಕಾರ್ಖಾನೆಯಿಂದ, ಅಳತೆ ತಪ್ಪಿದ ಸರಕು. ಅಲ್ಲಿ ಬ್ಲೇಡು ಅಲುಗಾಡದಿರಲಿ ಎಂದು ಅದನ್ನು ಬಿಳಿ ಮೆದು ಲೋಹದ ಇಟ್ಟಿಗೆಯಲ್ಲಿ ಹೂತು ಮಸೆಯುತ್ತಾರೆ. ಆ ಬಿಳಿ ಲೋಹ ಕುದಿಯುವ ನೀರಿಗೇ ಕರಗಿಹೋಗುತ್ತದೆ. ನಾನು ಹಂಡೆಯಲ್ಲಿ ಮೂರು ಸಲ ಕುದಿಸುತ್ತೇನೆ. ಆದರೂ ಬ್ಲೇಡಿನ ಹೊಟ್ಟೆಯಲ್ಲಿ ಗಾಳಿ ಓಡಾಡಲು ಸೂಜಿಯಂಥ ತೂತುಗಳಿರುತ್ತವಲ್ಲ, ಅಲ್ಲೊಂದು ಚೂರು ಅಡಗಿ ಕೂತಿರಬಹುದು. ಅದಕ್ಕೇ ಕಲ್ಲಿನ ಮೇಲೆ ತಟ್ಟಿ ಕೇಳುವುದು. ಖಾಲಿ ಬ್ಲೇಡು ಗಂಟೆಯ ಹಾಗೆ ಹಾಡುತ್ತದೆ. ಹೊಟ್ಟೆ ತುಂಬಿದ್ದು ದಪ್ ಎನ್ನುತ್ತದೆ. ನನ್ನಂಥ ಕಿವಿ ಸುತ್ತಲಿನ ನಾಲ್ಕು ಊರಿನಲ್ಲಿ ಯಾರಿಗೂ ಇಲ್ಲ.

ನಾನು ನಾಲ್ಕನೇ ಕ್ಲಾಸನ್ನು ಎರಡು ವರ್ಷ ಓದಿದವನು, ಅಂದರೆ ಉಳಿದವರಿಗಿಂತ ಎರಡು ಪಟ್ಟು ಬಲ್ಲವನು. ಇದನ್ನೂ ಹೇಳು.

ಫೋನ್ ಮಾಡಬೇಡ. ಫೋನಿನ ಮಾತು ಗಾಳಿಗೆ ಹೋಗುತ್ತದೆ. ಕಾಗದ ಬರೆ, ದೊಡ್ಡ ಮನುಷ್ಯರೆಲ್ಲ ಕಾಗದವನ್ನೇ ಬರೆಯುತ್ತಿದ್ದರು.

ನಿನ್ನ ಮಾವ


ಫೆಬ್ರವರಿ 19

ಮಾವ,

ಮೂಟೆಗಳು ಬಂದವು. ಮೇಲೆ ಸುಣ್ಣದಲ್ಲಿ ನೀವು ಬರೆದಿದ್ದ "ಎಚ್ಚರ, ಚಿನ್ನಕ್ಕಿಂತ ಮೇಲು" ಎಂಬುದನ್ನು ಓದಿ ಉಗ್ರಾಣದವರೆಲ್ಲ ನಕ್ಕರು.

ಮಾದರಿ ಬ್ಲೇಡುಗಳನ್ನು ಕತ್ತರಿಸಿ ನೋಡಿದೆ. ಒಳಗೆಲ್ಲ ಸ್ವಚ್ಛ. ನಿಯಮದ ಕಾಗದಕ್ಕೆ ಸಹಿ ಹಾಕಿ ಕುಲುಮೆಗೆ ಕಳುಹಿಸಿದ್ದೇನೆ. ಇನ್ನೂರೈವತ್ತು ಕೆಜಿಯ ಒಂದು ಕುಲುಮೆ ಲೋಹ. ಅದರಲ್ಲಿ ನಿಮ್ಮದು ಅರವತ್ತು, ಉಳಿದದ್ದು ಹೊಸದು.

ನಮ್ಮ ಕುಲುಮೆ ಮೇಸ್ತ್ರಿಗಳ ಬಗ್ಗೆ ಹಿಂದೆಯೇ ಬರೆದಿದ್ದೆ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಕುಲುಮೆಯ ಕಿಟಕಿಗೆ ಕಪ್ಪು ಗಾಜು ಹಿಡಿದು ನಿಂತವರು. ನಾನು ಕೆಲಸಕ್ಕೆ ಸೇರಿದ ವಾರ, ಪುಸ್ತಕದಲ್ಲಿ ಓದಿದ್ದನ್ನೆಲ್ಲ ಅವರ ಮುಂದೆ ಒಪ್ಪಿಸಿದೆ. ಕೊನೆಯವರೆಗೂ ಕೇಳಿ, "ಎಲ್ಲ ಸರಿ ಹೇಳಿದೆ ಕಣಮ್ಮ, ಈಗ ಮೂರು ಹೆಜ್ಜೆ ಹಿಂದೆ ನಿಂತ್ಕೋ, ಹುಬ್ಬು ಸುಡುತ್ತೆ" ಎಂದರು. ಅವರು ನಿಮ್ಮ ಸರಕನ್ನು ಕೈಯಲ್ಲಿ ತೂಗಿ ನೋಡಿ, ಇದನ್ನು ಆರಿಸಿದವನು ಕೆಲಸ ಬಲ್ಲವನು ಎಂದಿದ್ದಾರೆ. ಹಿಗ್ಗಿ ಛಾವಣಿಗೆ ತಲೆ ಹೊಡೆದುಕೊಳ್ಳಬೇಡಿ.

ಇನ್ನು ಉಳಿದಿರುವುದು ಎಳೆತದ ಪರೀಕ್ಷೆ. ಈ ಲೋಹದ ಒಂದು ಸರಳನ್ನು ಬಿಸಿ ಕೊಳವೆಯೊಳಗೆ ತೂಗುಹಾಕಿ, ಕೆಳಗೆ ಭಾರ ಕಟ್ಟಿ, ಸಾವಿರ ಡಿಗ್ರಿಯ ಹತ್ತಿರ ಕಾಯಿಸಿ ಬಿಡುತ್ತೇವೆ. ಎಂಜಿನ್ನಿನಲ್ಲಿ ಬ್ಲೇಡು ಕಾಣುವ ಕಷ್ಟವೇ ಇದು: ಬೆಂಕಿಯೊಳಗೆ ಗಿರಗಿರ ತಿರುಗುತ್ತಾ ಕೂದಲೆಳೆ ಕೂದಲೆಳೆಯಾಗಿ ಉದ್ದವಾಗುವುದು. ನೂರು ಗಂಟೆ ತಡೆದರೆ ಪಾಸು.

ಅಮ್ಮ ದೂರುತ್ತಿದ್ದಾಳೆ. ಅವಳು ಮಾತಾಡುತ್ತಿರುವಾಗಲೇ ನೀವು ಎದ್ದು ಹೋಗುತ್ತೀರಂತೆ. ನಾನು ಭಾನುವಾರ ಮಾಡಿದ ಫೋನನ್ನೂ ನೀವು ಎತ್ತಲಿಲ್ಲ. ನಮ್ಮ ಮೇಲೆ ಏನಾದರೂ ಸಿಟ್ಟೇ?

ಕಿಡಿ


ಮಾರ್ಚ್ 2

ಕಿಡಿ,

ಸಿಟ್ಟು ಯಾಕೆ? ನಿನ್ನ ಅಮ್ಮ ನನ್ನ ಅಕ್ಕ. ಐವತ್ತು ವರ್ಷದಿಂದ ಒಂದೇ ಕಥೆ ಹೇಳುತ್ತಾಳೆ, ಅರ್ಧಕ್ಕೆ ಎದ್ದರೆ ಏನೂ ನಷ್ಟವಿಲ್ಲ.

ಮೇಸ್ತ್ರಿಗಳು ಹೊಗಳಿದ್ದನ್ನು ಊರಿಗೆಲ್ಲ ಹಂಚಿ ಮುಗಿಯಿತು. ಬೆಳಗ್ಗೆ ಅವರು ಹೇಳಿದ್ದು ಒಂದು ವಾಕ್ಯ. ಸಂಜೆಯ ಹೊತ್ತಿಗೆ ಅದು ಪ್ರಶಸ್ತಿಪತ್ರವಾಗಿ, ನಾಳೆ ಶಾಲು ಹೊದಿಸುವುದಿದೆ ಎಂಬಲ್ಲಿಗೆ ಬಂದು ನಿಂತಿದೆ. ಅವರಿಗೆ ನನ್ನ ನಮಸ್ಕಾರ ತಿಳಿಸು. ಅವರದು ಕಣ್ಣು, ನನ್ನದು ಕಿವಿ. ಇಬ್ಬರೂ ಸೇರಿದರೆ ನಿಮ್ಮ ಯಂತ್ರಗಳಿಗೆಲ್ಲ ಕೆಲಸ ಇರುವುದಿಲ್ಲ.

ನಿನ್ನ ಅತ್ತೆಗೂ ಒಂದು ದೂರು ಇದೆ. ಮೊನ್ನೆ ಶೆಡ್ಡಿನ ಬಾಗಿಲು ಬಡಿದು ಬಡಿದು ಅವಳ ಕೈ ನೊಂದಿತಂತೆ, ನಾನು ತೆರೆಯಲಿಲ್ಲವಂತೆ. ಲೋಹದ ಧ್ಯಾನದಲ್ಲಿದ್ದೆ ಎಂದೆ. ಧ್ಯಾನವಂತೆ, ಎಂದು ಏನೇನೋ ಗೊಣಗಿಕೊಂಡು ಹೋದಳು. ಗೊಣಗಿದ್ದು ತುಟಿಯಿಂದಲೇ ತಿಳಿಯಿತು.

ಅದೇ ಮಸೆಯುವ ಕಾರ್ಖಾನೆಯಿಂದ ಇನ್ನೆರಡು ಮೂಟೆ ಬಂದಿವೆ. ನೂರು ಗಂಟೆಯ ಫಲಿತಾಂಶ ಬಂದ ಕೂಡಲೇ ಬರೆ. ಇನ್ನೂರು ಗಂಟೆ ತಡೆದರೂ ನನಗೇನೂ ಆಶ್ಚರ್ಯವಿಲ್ಲ.

ನಿನ್ನ ಮಾವ


ಏಪ್ರಿಲ್ 11

ಮಾವ,

ಇಷ್ಟು ದಿನ ಬರೆಯದೆ ಇದ್ದುದಕ್ಕೆ ಕಾರಣವಿದೆ. ಸರಳು ಮೂವತ್ತೊಂದು ಗಂಟೆಗೆ ತುಂಡಾಯಿತು. ನನ್ನ ಕೈ ತಪ್ಪೇನೋ ಎಂದು ಇನ್ನೊಂದನ್ನು ಕಟ್ಟಿದೆ. ಅದು ಇಪ್ಪತ್ತೆಂಟಕ್ಕೆ.

ಮುರಿದ ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಲೋಹದ ಕಣಗಳು ಒಂದನ್ನೊಂದು ಹಿಡಿದುಕೊಂಡಿರುವ ಅಂಚುಗಳಲ್ಲೇ ಬಿರುಕು. ಹೊರಗಿನ ಪ್ರಯೋಗಾಲಯದಿಂದ ಉತ್ತರ ಬಂದಿದೆ: ಬಿಸ್ಮತ್. ನಿಮ್ಮ ಬಿಳಿ ಮೆದು ಲೋಹದಲ್ಲಿ ಅರ್ಧಕ್ಕರ್ಧ ಇರುವುದು ಅದೇ. ಈ ಮಿಶ್ರಲೋಹದ ಸಾವಿರ ಕೆಜಿಯಲ್ಲಿ ಅರ್ಧ ಗ್ರಾಂ ಇದ್ದರೂ ಅದು ಹೆಚ್ಚು. ತಣ್ಣಗಿರುವಾಗ ಏನೂ ತೋರುವುದಿಲ್ಲ. ಕಾದಾಗ ಒಳಗಿನಿಂದ ಹಿಡಿತ ಬಿಡಿಸುತ್ತದೆ. ಪುಣ್ಯಕ್ಕೆ ಆ ಲೋಹದಿಂದ ಒಂದು ಬ್ಲೇಡನ್ನೂ ಎರೆದಿರಲಿಲ್ಲ. ಇನ್ನೂರೈವತ್ತು ಕೆಜಿಗೂ ಕೆಂಪು ಬಣ್ಣ ಬಳಿದು ಮೂಲೆಗೆ ಇಟ್ಟಿದ್ದಾರೆ.

ಮ್ಯಾನೇಜರ್ ಕಣ್ಣು ಮೇಸ್ತ್ರಿಗಳ ಮೇಲಿದೆ. ಆ ಕರಗಿಸುವಿಕೆಗೆ ಎರಡು ವಾರ ಮೊದಲು ಸರಳುಗಳ ಹಿಡಿಕೆ ಮಾಡಲು ಅವರು ಸ್ವಲ್ಪ ಬಿಳಿ ಲೋಹ ಕರಗಿಸಿದ್ದರು. ಬೇರೆ ಸೌಟು, ಬೇರೆ ಒಲೆ, ಬೇರೆ ಕೋಣೆ. ಆದರೂ ಅವರೇ ಅಜಾಗರೂಕತೆಯಿಂದ ಬೆರೆಸಿದ್ದಾರೆ ಎಂಬುದು ಮ್ಯಾನೇಜರ್ ಮಾತು. ಅವರನ್ನು ಕುಲುಮೆಯಿಂದ ದೂರ ಕೂರಿಸಿದ್ದಾರೆ. ಮೇಸ್ತ್ರಿಗಳು ವಾದ ಮಾಡುವುದಿಲ್ಲ. ಮಾಡಿಲ್ಲ ಎಂದು ಒಂದು ಸಲ ಹೇಳಿದರು, ಅಷ್ಟೇ.

ಮಾವ, ನೇರವಾಗಿ ಕೇಳುತ್ತೇನೆ. ನಾನೂರ ಹನ್ನೆರಡನ್ನೂ ಮೂರು ಸಲ ಕುದಿಸಿದಿರಾ? ಒಂದೊಂದನ್ನೂ ತಟ್ಟಿ ಕೇಳಿದಿರಾ? ಒಂದಾದರೂ ದಪ್ ಎಂದದ್ದು ಮೂಟೆಗೆ ಹೋಗಿರಬಹುದೇ? ತಪ್ಪಾಗಿದ್ದರೂ ನನಗೆ ಸಿಟ್ಟಿಲ್ಲ. ನಿಜ ಬೇಕು.

ಕಿಡಿ


ಏಪ್ರಿಲ್ 17

ನನ್ನ ಅಕ್ಕನ ಮಗಳಿಗೆ,

ಸಾಣೆ ಚಕ್ರದ ಮುಂದೆ ಮಣೆ ಹಾಕಿಕೊಂಡು ಕೂತು ಕಿಡಿ ಎಣಿಸುತ್ತಿದ್ದ ಹುಡುಗಿ ಇವತ್ತು ನನ್ನನ್ನು ವಿಚಾರಣೆ ಮಾಡುವ ಮಟ್ಟಕ್ಕೆ ಬೆಳೆದಿದ್ದಾಳೆ. ಸಂತೋಷ.

ಮೂರು ಸಲ ಕುದಿಸಿದೆ. ನಾನೂರ ಹನ್ನೆರಡನ್ನೂ ನಾನೇ, ನನ್ನ ಕೈಯಾರೆ, ಕಲ್ಲಿನ ಮೇಲೆ ತಟ್ಟಿದೆ. ಒಂದೊಂದೂ ಗಂಟೆಯ ಹಾಗೆ ಹಾಡಿತು. ದಪ್ ಎಂದದ್ದು ಒಂದೂ ಇಲ್ಲ. ನೀನು ಹುಟ್ಟುವ ಮುಂಚೆಯಿಂದ ಲೋಹದ ದನಿ ಕೇಳಿದವನಿಗೆ ಗಂಟೆಗೂ ಗಡಿಗೆಗೂ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ. ಬೆಂಕಿಯ ಹತ್ತಿರ ಕೆಲಸ ಮಾಡುವವರಿಗೆ ವಯಸ್ಸಾದರೆ ಕೈ ತಪ್ಪುತ್ತದೆ. ಅದು ಮನುಷ್ಯ ಸಹಜ.

ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು. ಕೆಳಗೆ ಸಹಿ ಹಾಕಿದ್ದೇನೆ, ಶೆಡ್ಡಿನ ಮುದ್ರೆಯನ್ನೂ ಒತ್ತಿದ್ದೇನೆ.

ಮಾವ


ಮೇ 6

ಮಾವ,

ನಿಮ್ಮ ಕಾಗದವನ್ನು ತೋರಿಸಿದೆ. ಮ್ಯಾನೇಜರ್ ಅದನ್ನು ಎರಡು ಸಲ ಓದಿ ಕಡತಕ್ಕೆ ಸೇರಿಸಿದರು. ನನ್ನ ಸಹಿಯ ಕಾಗದ ಮೊದಲೇ ಅದರಲ್ಲಿತ್ತು. ಎರಡೂ ಒಂದರ ಮೇಲೊಂದು ಕೂತವು.

ನಿನ್ನೆ ಮೇಸ್ತ್ರಿಗಳನ್ನು ಕೆಲಸದಿಂದ ತೆಗೆದರು. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಅವರು ತಮ್ಮ ಕಪಾಟು ಖಾಲಿ ಮಾಡುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಒಂದು ಅಂಗಿ, ಬೀಗದ ಕೈ, ಸುಟ್ಟು ತೂತಾದ ಕೈಗವಸು ಒಂದು ಜೊತೆ. ಕಪ್ಪು ಗಾಜು ಕಾರ್ಖಾನೆಯದು ಎಂದು ಮೇಜಿನ ಮೇಲಿಟ್ಟರು. ಹೋಗುವಾಗ ನನ್ನನ್ನು ಕೇಳಿದರು.

"ಆ ಮೂಟೆ ನೀನೇ ನೋಡಿದ್ದೆ ಅಲ್ವೇನಮ್ಮಾ?"

ಹೌದು ಎಂದೆ.

"ಹಾಗಾದ್ರೆ ನಾನೇ ಎಲ್ಲೋ ತಪ್ಪಿದ್ದೀನಿ ಬಿಡು" ಎಂದರು.

ಮಾವ, ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದು. ಅವರು ನನ್ನ ಮಾತನ್ನು ನಂಬಿ ತಮ್ಮ ಕೈಯನ್ನೇ ಸಂಶಯಿಸಿದರು.

ಕಿಡಿ


ಮೇ 15

ಕಿಡಿ,

ಇಲ್ಲಿ ಎಲ್ಲರೂ ಕ್ಷೇಮ. ಸಾಣೆ ಚಕ್ರದ ಬೆಲ್ಟು ಹರಿದಿತ್ತು, ಹೊಸದು ಹಾಕಿಸಿದೆ. ಶೆಡ್ಡಿನ ತಗಡು ಒಂದು ಕಡೆ ಎದ್ದಿದೆ, ಕಲ್ಲು ಹೇರಿದ್ದೇನೆ. ನಿನ್ನ ಅಮ್ಮನ ಮಂಡಿ ನೋವು ಪರವಾಗಿಲ್ಲ. ಬಿಸಿಲು ಹೆಚ್ಚು.

ಮೇಸ್ತ್ರಿಗಳಿಗೆ ಬೇರೆ ಕಡೆ ಕೆಲಸ ಸಿಗಬಹುದಲ್ಲವೇ? ಅಷ್ಟು ಅನುಭವ ಇರುವವರನ್ನು ಕರೆದು ಕರೆದು ಕೆಲಸ ಕೊಡುತ್ತಾರೆ. ಮನೆಯಲ್ಲಿ ಅವರ ಕಡೆಯವರು ಯಾರಿದ್ದಾರೆ? ಸುಮ್ಮನೆ ಕೇಳಿದೆ.

ಮಾವ


ಜೂನ್ 30

ಮಾವ,

ನಿಮ್ಮ ಕಾಗದದಲ್ಲಿ ಒಂದೇ ಒಂದು ಜಂಬದ ಮಾತಿರಲಿಲ್ಲ. ಮೈ ಹುಷಾರಿಲ್ಲವೇ ಎಂದು ಅಮ್ಮನನ್ನು ಕೇಳಿದೆ. ಚೆನ್ನಾಗಿಯೇ ಇದ್ದಾನೆ, ಆದರೆ ಶೆಡ್ಡಿಗೆ ಬೀಗ ಹಾಕಿಕೊಂಡು ಅಂಗಳದಲ್ಲಿ ಕೂತಿರುತ್ತಾನೆ ಎಂದಳು.

ಮೇಸ್ತ್ರಿಗಳಿಗೆ ಕರೆದು ಕೆಲಸ ಕೊಟ್ಟವರು ಯಾರೂ ಇಲ್ಲ. ಕೇಳಿದ ಕಡೆಯೆಲ್ಲ ಹಳೆಯ ಕಾರ್ಖಾನೆಯಿಂದ ಯಾಕೆ ಬಿಟ್ಟಿರಿ ಎಂದು ವಿಚಾರಿಸುತ್ತಾರೆ. ಈಗ ಒಂದು ಮರದ ಅಡ್ಡೆಯಲ್ಲಿ ಗೇಟಿನ ಬಳಿ ಕೂತು ಒಳಗೆ ಬರುವ ಗಾಡಿಗಳ ನಂಬರು ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಅವರ ಹೆಂಡತಿ ಮಾತ್ರ. ಸುಮ್ಮನೆ ಕೇಳಿದ್ದಕ್ಕೆ ಸುಮ್ಮನೆ ಉತ್ತರ.

ನಾನೊಂದು ವಿಷಯ ಮುಚ್ಚಿಟ್ಟಿದ್ದೇನೆ. ನಿಯಮದ ಪ್ರಕಾರ ಹತ್ತರಲ್ಲಿ ಒಂದು ಬ್ಲೇಡನ್ನು ಕತ್ತರಿಸಿ ಒಳಗೆ ನೋಡಬೇಕು. ನಿಮ್ಮ ಮೂಟೆಗೆ ಅಂದರೆ ನಲವತ್ತೊಂದು. ನಾನು ಕತ್ತರಿಸಿದ್ದು ನಾಲ್ಕು. ಒಂದನ್ನು ಕತ್ತರಿಸಲು ಕಾಲು ಗಂಟೆ ಬೇಕು, ಲೋಹ ಅಷ್ಟು ಗಟ್ಟಿ. ಇದು ನನ್ನ ಮಾವ ತಟ್ಟಿ ಕೇಳಿದ ಸರಕು, ಇನ್ನೇನು ನೋಡುವುದು ಅನ್ನಿಸಿತು. ನಲವತ್ತೊಂದು ಎಂದು ಬರೆದು ಸಹಿ ಹಾಕಿದೆ.

ಮೇಸ್ತ್ರಿಗಳು ಕಪಾಟಿನ ಮುಂದೆ ಕೇಳಿದಾಗ ನಾನು ಹೇಳಬೇಕಾಗಿದ್ದದ್ದು ಇದು. ನಿಮ್ಮ ಕಾಗದ ಇದ್ದದ್ದರಿಂದ ನನಗೂ ಬಚ್ಚಿಟ್ಟುಕೊಳ್ಳಲು ಜಾಗ ಸಿಕ್ಕಿತು.

ನನ್ನ ತಪ್ಪನ್ನು ಹೇಳಿಬಿಡಬೇಕು ಅಂದುಕೊಂಡು ಎರಡು ಸಲ ಮ್ಯಾನೇಜರ್ ಬಾಗಿಲ ತನಕ ಹೋಗಿ ಬಂದೆ. ನೋಡದೆ ಬಿಟ್ಟೆ ಎಂದರೆ ಸಾಲದು, ಅದರೊಳಗೆ ಏನಿತ್ತು ಎಂದು ಅವರು ಕೇಳುತ್ತಾರೆ. ಅದು ಗೊತ್ತಿರುವುದು ನಿಮಗೊಬ್ಬರಿಗೇ. ಇನ್ನೊಂದು ಸಲ ಕೇಳುತ್ತೇನೆ. ಆ ಬ್ಲೇಡುಗಳು ಹಾಡಿದ್ದು ನಿಜವೇ?

ಕಿಡಿ


ಆಗಸ್ಟ್ 21

ಕಿಡಿ,

ನಿನ್ನ ಕಾಗದ ಬಂದು ಏಳು ವಾರವಾಯಿತು. ಏಳು ಸಲ ಬರೆದು ಹರಿದೆ. ಹರಿದವುಗಳಲ್ಲೆಲ್ಲ ನಾನು ಒಳ್ಳೆಯವನಾಗಿದ್ದೆ.

ಆ ಬ್ಲೇಡುಗಳು ಹಾಡಿದವೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಕಿವಿ ಕೇಳುವುದಿಲ್ಲ. ಬಲಗಿವಿ ಪೂರಾ ಹೋಗಿ ಎರಡು ವರ್ಷ ದಾಟಿತು. ಎಡಗಿವಿಯಲ್ಲಿ, ಪಕ್ಕದಲ್ಲಿ ನಿಂತು ಕೂಗಿದರೆ, ಮಾತಿನ ಬುಡ ಮಾತ್ರ ಕೇಳುತ್ತದೆ. ಮೂವತ್ತು ವರ್ಷ ಸಾಣೆ ಚಕ್ರದ ಪಕ್ಕ ಕೂತದ್ದಕ್ಕೆ ಅದು ಇಟ್ಟುಕೊಂಡ ಕೂಲಿ. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ನಿನ್ನ ಅತ್ತೆ ಬಡಿದುಕೊಂಡಳು. ಹತ್ತಿ ಇಟ್ಟರೆ ನಾದ ಹೇಗೆ ಕೇಳುವುದು ಎಂದು ಅವಳ ಬಾಯಿ ಮುಚ್ಚಿಸಿದೆ. ಫೋನ್ ಎತ್ತದಿದ್ದದ್ದು ಇದಕ್ಕೆ. ಅಕ್ಕನ ಮಾತಿನ ಮಧ್ಯೆ ಎದ್ದದ್ದು ಇದಕ್ಕೆ. ಅವಳು ತಲೆ ತಗ್ಗಿಸಿ ತರಕಾರಿ ಹೆಚ್ಚುತ್ತಾ ಮಾತಾಡುತ್ತಾಳೆ, ತುಟಿ ಕಾಣುವುದಿಲ್ಲ.

ಆದರೂ ಬ್ಲೇಡು ತಟ್ಟುವುದನ್ನು ನಾನು ಬಿಡಲಿಲ್ಲ. ಈ ಊರಿನಲ್ಲಿ ಅಯಸ್ಕಾಂತ ಇರುವವರು ಬೇಕಾದಷ್ಟು ಜನ, ಸಾಣೆ ಚಕ್ರ ಇರುವವರೂ ಇದ್ದಾರೆ. ನಾದ ನೋಡುವವನು ಎಂದರೆ ನಾನೊಬ್ಬನೇ. ಅದು ಹೋದರೆ ನಾನು ಯಾರು? ಹಾಗಾಗಿ ಕಲ್ಲಿನ ಮೇಲೆ ತಟ್ಟುವುದು, ಕಿವಿ ಹತ್ತಿರ ತರುವುದು, ಕಣ್ಣು ಅರ್ಧ ಮುಚ್ಚುವುದು, ತಲೆ ಆಡಿಸುವುದು. ಸಂತೆಯಲ್ಲಿ ಕುಂಬಾರನ ಮಡಕೆ ಆರಿಸುವವರ ಹಾಗೆ. ನೋಡುತ್ತಿದ್ದವರು ತಲೆದೂಗುತ್ತಿದ್ದರು. ಬೆರಳಿಗೆ ನಡುಕ ತಾಗುತ್ತದೆ, ಅದೇ ಸಾಕು ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನ ನಾನೂರ ಹನ್ನೆರಡಕ್ಕೂ ಹೀಗೆ ತಲೆಯಾಡಿಸಿ ಕಳುಹಿಸಿದೆ.

ಇಲ್ಲಿಯವರೆಗಿನದನ್ನು ತಪ್ಪು ಎನ್ನಬಹುದು. ಮುಂದಿನದಕ್ಕೆ ಆ ಹೆಸರು ಸಾಲದು.

ಏಪ್ರಿಲ್‌ನಲ್ಲಿ ನಿನ್ನ ಕಾಗದ ಬಂದ ಮಾರನೆಯ ದಿನ, ಅದೇ ಕಾರ್ಖಾನೆಯಿಂದ ಬಂದ ಎರಡು ಮೂಟೆಯಲ್ಲಿ ನಾನು ಕುದಿಸಿ, ತಟ್ಟಿ, ಸ್ವಚ್ಛ ಎಂದು ಬದಿಗಿಟ್ಟಿದ್ದ ರಾಶಿಯ ಮುಂದೆ ನಿನ್ನ ಅತ್ತೆಯನ್ನು ಕರೆದು ಕೂರಿಸಿದೆ. ಒಂದೊಂದಾಗಿ ತಟ್ಟಿದೆ. ಅವಳ ಮುಖ ನೋಡುತ್ತಿದ್ದೆ. ಹತ್ತೋ ಹನ್ನೊಂದೋ ಆದ ಮೇಲೆ ಕೈ ಎತ್ತಿದಳು. ನನ್ನ ಎಡಗಿವಿಯ ಹತ್ತಿರ ಬಂದು, "ರೀ, ಇದು ಹಾಡ್ತಿಲ್ಲ. ಕೆಮ್ತಿದೆ" ಎಂದಳು.

ಇನ್ನೊಂದು ಸಲ ತಟ್ಟಿದೆ. ಮತ್ತೆ ಅದನ್ನೇ ಹೇಳಿದಳು. ಸಂಜೆಯ ಹೊತ್ತಿಗೆ ಕೆಮ್ಮುವವು ಇಪ್ಪತ್ತೇಳು ಸಿಕ್ಕವು. ಒಂದನ್ನು ಗರಗಸ ಹಿಡಿದು ಕೊಯ್ದೆ. ಎಲುಬಿನೊಳಗಿನ ಮಜ್ಜೆಯ ಹಾಗೆ ಬಿಳಿ ಲೋಹ ತೂತಿನಲ್ಲಿ ಕೂತಿತ್ತು.

"ಬರೆದು ತಿಳಿಸಿಬಿಡಿ, ಮಗು ಕಾಯ್ತಿರುತ್ತೆ" ಎಂದಳು.

"ನಿನಗೇನು ಗೊತ್ತು ಲೋಹದ ವಿಷಯ" ಎಂದೆ. ಆಮೇಲೆ ಒಳಗೆ ಹೋಗಿ, ಗಂಟೆಗೂ ಗಡಿಗೆಗೂ ಅಂತೆಲ್ಲ ಬರೆದು, ಮುದ್ರೆ ಒತ್ತಿದೆ. ಬೆಂಕಿಯ ಹತ್ತಿರ ಇರುವವರಿಗೆ ಕೈ ತಪ್ಪುತ್ತದೆ ಎಂದು ಬರೆದಾಗ ಆ ಬಿಳಿ ಚೂರು ಮೇಜಿನ ಮೇಲೆಯೇ ಇತ್ತು. ಅತ್ತೆ ಅವತ್ತಿನಿಂದ ನನಗೆ ಎದುರು ನಿಂತು ಮಾತಾಡುವುದಿಲ್ಲ. ಬೆನ್ನು ಹಾಕಿ ಮಾತಾಡುತ್ತಾಳೆ. ಹಾಗೆ ಮಾಡಿದರೆ ನನಗೆ ಕೇಳುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತು.

ಮೇಸ್ತ್ರಿಗಳಿಗೆ ಕೆಲಸ ಹೋದದ್ದನ್ನು ಮೇ ತಿಂಗಳಲ್ಲಿ ಓದಿದೆ. ಆಗ ಬರೆದಿದ್ದರೂ ಹೊತ್ತು ಮೀರಿರಲಿಲ್ಲ. ಬೆಲ್ಟು, ತಗಡು, ಮಂಡಿ ನೋವು ಅಂತ ಬರೆದೆ.

ಜೊತೆಗೆ ಇನ್ನೊಂದು ಕಾಗದ ಇದೆ, ನಿಮ್ಮ ಮ್ಯಾನೇಜರಿಗೆ. ಅದರಲ್ಲಿ ಕಿವಿಯ ವಿಷಯ, ಇಪ್ಪತ್ತೇಳರ ವಿಷಯ, ಸುಳ್ಳು ಬರೆದ ವಿಷಯ ಎಲ್ಲ ಇದೆ. ಇಪ್ಪತ್ತೇಳನ್ನೂ ಡಬ್ಬಿಯಲ್ಲಿ ಕಟ್ಟಿ ಬೇರೆ ಕಳುಹಿಸಿದ್ದೇನೆ. ನಿನ್ನ ನಾಲ್ಕರ ಬಗ್ಗೆ ಅದರಲ್ಲಿ ಏನೂ ಬರೆದಿಲ್ಲ. ಅದು ನಿನ್ನದು, ನಾನು ಮುಟ್ಟುವುದಿಲ್ಲ.

ನಿನ್ನ ಮಾವ


ಸೆಪ್ಟೆಂಬರ್ 9

ಮಾವ,

ಎರಡು ಕಾಗದಗಳನ್ನು ಒಟ್ಟಿಗೆ ಕೊಟ್ಟೆ, ನಿಮ್ಮದು ಮತ್ತು ನನ್ನದು. ನನ್ನದು ನಾಲ್ಕೇ ಸಾಲು.

ಮ್ಯಾನೇಜರ್ ಕೂಗಾಡಲಿಲ್ಲ. ಕೂಗಾಡಿದ್ದರೆ ಹಗುರಾಗುತ್ತಿತ್ತು. ನನ್ನನ್ನು ಪರೀಕ್ಷೆ ಕೋಣೆಯಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದಾರೆ. ಕೈಗವಸು, ಸಾಬೂನು, ಬಲ್ಬು ಕೊಟ್ಟು ಬರೆದಿಟ್ಟುಕೊಳ್ಳುವುದು. ಲೋಹಕ್ಕೆ ಇನ್ನು ಮುಂದೆ ನಾನು ಸಹಿ ಹಾಕುವ ಹಾಗಿಲ್ಲ. ನಿಮ್ಮ ಶೆಡ್ಡಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿದರು. ಹಣದ ವಿಷಯ ನಿಮಗೆ ಅವರೇ ಬರೆಯುತ್ತಾರೆ.

ಮೇಸ್ತ್ರಿಗಳಿಗೆ ಅವರ ತಪ್ಪಿಲ್ಲ ಎಂದು ಪತ್ರ ಕೊಟ್ಟರು. ವಾಪಸ್ ಬನ್ನಿ ಎಂದೂ ಬರೆದಿದ್ದರು. ಆ ಪತ್ರವನ್ನು ನಾನೇ ಕೇಳಿ ಪಡೆದು ಅವರ ಮನೆಗೆ ಒಯ್ದೆ. ಎರಡು ಕೋಣೆಯ ಮನೆ. ಕಿಟಕಿಯ ಬಳಿ ಕುರ್ಚಿ. ನಿಮ್ಮ ಕಾಗದವನ್ನೂ ಓದಿ ಹೇಳಿದೆ. ನನ್ನ ನಾಲ್ಕು ಬ್ಲೇಡಿನ ವಿಷಯವನ್ನೂ ಹೇಳಿದೆ. ಅವರ ಹೆಂಡತಿ ಎದ್ದು ಒಳಗೆ ಹೋದರು, ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ.

"ನಿಮ್ಮ ಮಾವನಿಗೆ ಕಿವಿ ಹೋಯ್ತು, ನನಗೆ ಕೈ ಮೇಲಿನ ನಂಬಿಕೆ ಹೋಯ್ತು" ಎಂದರು. "ನಾಲ್ಕು ತಿಂಗಳು ದಿನಾ ಲೆಕ್ಕ ಹಾಕಿದೆ ಕಣಮ್ಮ, ಯಾವ ಸೌಟು ಎಲ್ಲಿ ಇಟ್ಟೆ ಅಂತ. ಈಗ ಬಾ ಅಂದ್ರೆ ಹೇಗ್ ಬರ್ಲಿ? ಕುಲುಮೆ ಮುಂದೆ ಅನುಮಾನ ಇಟ್ಕೊಂಡು ನಿಲ್ಲೋಕಾಗಲ್ಲ."

ವಾಪಸ್ ಬರುವುದಿಲ್ಲವಂತೆ. ಎಷ್ಟು ಹೇಳಿದರೂ ಒಪ್ಪಲಿಲ್ಲ.

ಬಾಗಿಲ ತನಕ ಬಂದು ಒಂದು ಮಾತು ಕೇಳಿದರು. "ಆಗ್ಲೇ ನಿಜ ಹೇಳಿದ್ದಿದ್ರೆ ನಿಮ್ಮ ಮಾವನಿಗೆ ಎಷ್ಟು ನಷ್ಟ ಆಗ್ತಿತ್ತು? ಭಾರಿ ಮೊತ್ತ ಇರಬೇಕು, ಅಲ್ವಾ? ಮನೆ ಗಿನೆ ಅಡ ಇಟ್ಟಿದ್ರಾ?"

ನನಗೆ ಗೊತ್ತಿರಲಿಲ್ಲ. ನಿಮಗೆ ನಲವತ್ತು ಲಕ್ಷ ಮುಳುಗಿತು ಎಂದು ಊರೆಲ್ಲ ಹೇಳುತ್ತಿದೆ ಅಂತ ಅಮ್ಮ ಬರೆದಿದ್ದಳು. ಅದನ್ನು ನಾನು ಅವರಿಗೆ ಹೇಳಲಿಲ್ಲ. ಕೇಳಿ ತಿಳಿಸುತ್ತೇನೆ ಎಂದೆ. ಅವರು ಕಾಯುತ್ತಿದ್ದಾರೆ.

ಕಿಡಿ


ಸೆಪ್ಟೆಂಬರ್ 21

ಕಿಡಿ,

ನಲವತ್ತು ಲಕ್ಷ ಎಂದು ಚಹಾದಂಗಡಿಯಲ್ಲಿ ಹೇಳಿದ್ದು ನಾನೇ. ದೊಡ್ಡ ಮೊತ್ತ ಕಳೆದುಕೊಂಡವನಿಗೆ ಜನ ಬೆಂಚಿನಲ್ಲಿ ಸರಿದು ಜಾಗ ಕೊಡುತ್ತಾರೆ. ಅಕ್ಕನಿಗೆ ಆರು ಲಕ್ಷ ಎಂದಿದ್ದೆ, ಅವಳಿಗೆ ಎದೆ ಒಡೆಯದಿರಲಿ ಎಂದು. ನಿನ್ನ ಅತ್ತೆ ಕೇಳಲಿಲ್ಲ, ಅವಳಿಗೆ ಹೇಳಲೂ ಇಲ್ಲ.

ಮನೆ ಅಡ ಇಟ್ಟಿರಲಿಲ್ಲ. ಸಾಲವೂ ಇರಲಿಲ್ಲ. ಹಾಳಾದ ಇನ್ನೂರೈವತ್ತು ಕೆಜಿಗೆ ನಿಮ್ಮ ಕಾರ್ಖಾನೆಯವರು ನನ್ನಿಂದ ಏನೂ ಕೇಳಲಿಲ್ಲ. ಮೂಟೆಗೆ ಕೊಟ್ಟಿದ್ದ ಬೆಲೆಯನ್ನು ಮಾತ್ರ ವಾಪಸ್ ಕೇಳಿದರು, ಕಟ್ಟಿದೆ. ಏಪ್ರಿಲ್‌ನಲ್ಲಿ ನಿಜ ಬರೆದಿದ್ದರೂ ಅಷ್ಟನ್ನೇ ಕಟ್ಟುತ್ತಿದ್ದೆ, ಒಂದು ಕಾಸು ಹೆಚ್ಚಲ್ಲ. ಕಟ್ಟಿದ ಮೇಲೂ ಇಲ್ಲಿ ಯಾರ ಊಟವೂ ತಪ್ಪಿಲ್ಲ.

ಮೇಸ್ತ್ರಿಗಳು ಭಾರಿ ಮೊತ್ತ ಇರಬೇಕು ಅಂದದ್ದನ್ನು ಬಹಳ ಸಲ ಓದಿದೆ. ಹಾಗಿದ್ದಿದ್ದರೆ ಅವರಿಗೂ ಸ್ವಲ್ಪ ಸಮಾಧಾನ ಆಗುತ್ತಿತ್ತೇನೋ. ಅವರಿಗಾಗಿ ಒಂದು ದೊಡ್ಡ ಸಂಖ್ಯೆ ಬರೆದುಬಿಡೋಣ ಅಂತಲೂ ಯೋಚಿಸಿದೆ. ಅವರೊಬ್ಬರೇ ಇರುವಾಗ ಹೇಳು ಎಂದು ಮೊದಲು ಬರೆದು, ಹೊಡೆದುಹಾಕಿದ್ದೇನೆ, ನೋಡು. ಹೆಂಡತಿಯನ್ನೂ ಕರೆದು ಹೇಳು.

ಅರವತ್ತೆರಡು ಸಾವಿರದ ನಾನೂರು.